ತೋರಿಕೆಯ ಕಾಲು

ಮನೆಯೊಳಗೆ ಮನೆಮಾತು ಆಡಕೂಡದು ಎಂಬ ಕಾಯಿದೆ ಬಂದದ್ದು ಒಂದು ಭಾನುವಾರದ ಬೆಳಿಗ್ಗೆ, ಗಂಡ ಹಲ್ಲುಜ್ಜುತ್ತಿದ್ದಾಗ. ಬಾಯಿ ತೊಳೆದು ಬಂದು ಹೇಳುವಷ್ಟೂ ತಾಳ್ಮೆಯಿಲ್ಲದೆ, ಬಿಳಿ ನೊರೆಯನ್ನು ತುಟಿಯಲ್ಲಿಟ್ಟುಕೊಂಡೇ ಬಚ್ಚಲಿನಿಂದ ಹೊರಬಂದು ನಿಂತ.

"ಇವತ್ತಿಂದ ಈ ಬಾಗಿಲೊಳಗೆ ಪರೀಕ್ಷೆ ಭಾಷೆ ಮಾತ್ರ. ಬೇರೆ ಮಾತಾಡಿದವರು ಪಾತ್ರೆ ತೊಳೀಬೇಕು."

ಹೆಂಡತಿ ಆಗ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿ, "ಹಾಗಾದ್ರೆ ಅವಳು ಆಗಲೇ ತಪ್ಪು ಮಾಡಿದ್ದಾಳೆ ಅಂತಾಯ್ತು," ಎಂದರು.

"ಅಮ್ಮಾ, ನಿನಗೆ ಈ ನಿಯಮ ಇಲ್ಲ."

"ಯಾಕಪ್ಪ? ನನಗೆಷ್ಟು ಅಂಕ?"

"ನಿನಗೆ ಅಂಕ ಇಲ್ಲ. ನೀನು ಲೆಕ್ಕಕ್ಕೆ ಬರಲ್ಲ."

ಹೇಳಿದ ಮೇಲೆ ಅವನಿಗೂ ಏನೋ ಅನ್ನಿಸಿರಬೇಕು. ನೊರೆ ಗದ್ದಕ್ಕೆ ಇಳಿಯುತ್ತಿತ್ತು. ಒಳಗೆ ಹೋಗಿ ಉಗುಳಿದ ಸದ್ದು ಕೇಳಿಸಿತು. ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, "ನನ್ನ ಹೊಟ್ಟೇಲಿ ಹುಟ್ಟಿ ನನಗೇ ಸೊನ್ನೆ ಹಾಕ್ದ," ಎಂದು ಗುಂಡಿಗೆ ಹೇಳಿದರು.

ಅಂಕದ ಮಾತು ಆ ಮನೆಗೆ ಹೊಸದಲ್ಲ. ದೂರದ ಒಂದು ದೇಶ ತನಗೆ ಬೇಕಾದ ಕಸುಬುಗಳ ಪಟ್ಟಿ ಇಟ್ಟುಕೊಂಡಿತ್ತು. ಪಟ್ಟಿಯಲ್ಲಿರುವ ಕಸುಬಿನವರು ಅರ್ಜಿ ಹಾಕಬಹುದು. ವಯಸ್ಸಿಗಿಷ್ಟು, ಓದಿಗಿಷ್ಟು, ಅನುಭವಕ್ಕಿಷ್ಟು, ಅಲ್ಲಿನ ಭಾಷೆಯ ಪರೀಕ್ಷೆಗಿಷ್ಟು ಎಂದು ಅಂಕ ಹಾಕಿ ಕೂಡಿಸಿ, ಗೆರೆ ದಾಟಿದವರನ್ನು ಕಾಯಂ ಆಗಿ ಬಂದು ನೆಲೆಸಿ ಎಂದು ಕರೆಯುತ್ತಿದ್ದರು. ಗಂಡ ಟೈಲ್ಸ್ ಕಂಪನಿಯೊಂದರ ಗೋದಾಮಿನ ಮೇಲ್ವಿಚಾರಕ. ವರ್ಷಗಟ್ಟಲೆ ಅರ್ಜಿ ಅವನ ಹೆಸರಿನಲ್ಲೇ ತಯಾರಾಗುತ್ತಿತ್ತು. ಅವಳು ಅದರಲ್ಲಿ ಜೊತೆಗೆ ಬರುವ ಹೆಂಡತಿ. ಮಕ್ಕಳಿರಲಿಲ್ಲ. ಮಕ್ಕಳಿಲ್ಲದ್ದಕ್ಕೆ ಅಂಕ ಕೊಡುವುದೂ ಇರಲಿಲ್ಲ, ಕಳೆಯುವುದೂ ಇರಲಿಲ್ಲ. ಆ ವಿಷಯದಲ್ಲಿ ಅವರನ್ನು ಸುಮ್ಮನೆ ಬಿಟ್ಟದ್ದು ಆ ದೇಶ ಒಂದೇ. ಹೀಗಿರುವಾಗ ಒಂದು ದಿನ ಅವನ ಕಸುಬು ಪಟ್ಟಿಯಿಂದ ಬಿತ್ತು. ಒಂದು ವಾರ ಸಾವಿನ ಮನೆಯವನ ಹಾಗೆ ಕೂತಿದ್ದ. ಆಮೇಲೊಂದು ಸಂಜೆ, ಗಾಯವನ್ನು ಕೆರೆದುಕೊಳ್ಳುವವನಂತೆ ಅದೇ ಪಟ್ಟಿಯನ್ನು ಮತ್ತೆ ಮೇಲಿಂದ ಕೆಳಗೆ ಓದುತ್ತಿದ್ದಾಗ, ಅವನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಕೃತಕ ಕೈಕಾಲು ತಯಾರಿಸುವವರು.

ಅವನು ತಿರುಗಿ, ಅದೇ ಕಸುಬಿನ ಹೆಂಡತಿಯನ್ನು ನೋಡಿದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಸಂಜೆ ಹಿತ್ತಲ ಗಿಡಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು. ಅರ್ಜಿ ಅವಳ ಹೆಸರಿಗೆ ತಿರುಗಿತು, ಅವನು ಜೊತೆಗೆ ಬರುವ ಗಂಡನಾದ.

ಅವಳ ಸಿಟ್ಟು ಶುರುವಾದದ್ದು ಆ ನೋಟದಿಂದ. ಮದುವೆಯಾದ ಹೊಸದರಲ್ಲಿ ಇದೇ ಗಂಡ, "ಬಂದ ತಕ್ಷಣ ಸ್ನಾನ ಮಾಡಿಬಿಡು, ಆಮೇಲೆ ಮನೆ ಸಾಮಾನು ಮುಟ್ಟು," ಎಂದಿದ್ದ. ಕೂದಲಲ್ಲಿ ಪ್ಲಾಸ್ಟರಿನ ಪುಡಿ ಕಂಡರೆ ಮುಖ ಕಿವುಚುತ್ತಿದ್ದ. ನೆಂಟರು ಕೇಳಿದರೆ "ಆಸ್ಪತ್ರೇಲಿದ್ದಾಳೆ" ಎಂದಷ್ಟೇ ಹೇಳಿ ಮಾತು ತೇಲಿಸುತ್ತಿದ್ದ; ನರ್ಸೋ, ಗುಮಾಸ್ತೆಯೋ, ಅವರವರಿಗೆ ತೋಚಿದ್ದು ಅವರು ತಿಳಿದುಕೊಳ್ಳುತ್ತಿದ್ದರು. ಎರಡು ಸಲ ಕೆಲಸ ಬಿಡಿಸಲು ನೋಡಿದ್ದ. ಈಗ ಫೋನಿನಲ್ಲಿ ಅದೇ ನೆಂಟರಿಗೆ ಅವಳ ಕಸುಬಿನ ಪೂರ್ತಿ ಹೆಸರನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದ. ಹೇಳುವಾಗ ಅವನ ಎದೆ ಒಂದು ಬೆರಳಿನಷ್ಟು ಮುಂದೆ ಬರುತ್ತಿತ್ತು. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ಇದೇನು ಬಹುಮಾನವೋ, ಇನ್ನೊಂದು ಅವಮಾನವೋ ಅವಳಿಗೆ ತಿಳಿಯುತ್ತಿರಲಿಲ್ಲ.

ಕಾಯಿದೆ ಬಂದ ಮೇಲೆ ಮನೆ ನಿಶ್ಶಬ್ದವಾಯಿತು. ಪರೀಕ್ಷೆಯ ಭಾಷೆಯಲ್ಲಿ ಅವಳು ಉಪ್ಪು ಕೇಳಬಲ್ಲಳು, ಬಾಗಿಲು ಹಾಕು ಎನ್ನಬಲ್ಲಳು, ನಾಳೆ ಮಳೆ ಬರಬಹುದು ಎನ್ನಬಲ್ಲಳು. ಆದರೆ ಆ ಭಾಷೆಯಲ್ಲಿ ಜಗಳ ಬರುತ್ತಿರಲಿಲ್ಲ. ಜಗಳಕ್ಕೆ ಬೇಕಾದ ಮಾತುಗಳೆಲ್ಲ ಬೇರೆ ಕಡೆಯಿಂದ ಬರುತ್ತವೆ. ಚಿಕ್ಕಂದಿನಲ್ಲಿ ಅಮ್ಮ ಬೈದದ್ದರಿಂದ, ಅಕ್ಕ ತಂಗಿಯರು ಜಡೆ ಎಳೆದಾಡಿದ್ದರಿಂದ, ಗೋಡೆಯಾಚೆ ಪಕ್ಕದ ಮನೆಯವರು ಆಡಿದ್ದರಿಂದ. ಅದನ್ನು ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ಅವಳು ಬಾಯಿ ತೆರೆಯುವಳು, ಕ್ರಿಯಾಪದ ಹುಡುಕುವಳು, ಅಷ್ಟರಲ್ಲಿ ಸಿಟ್ಟು ಆರಿದ ಚಹಾದಂತೆ ಕೆನೆ ಕಟ್ಟಿ ಕೂರುವುದು. ಗಂಡ ನಡುವೆ ಬಾಯಿ ಹಾಕಿ ಅವಳ ಉಚ್ಚಾರ ತಿದ್ದುವನು. ಅವಳು ಬಾಯಿ ಮುಚ್ಚುವಳು.

"ನೋಡಿದೆಯಾ," ಎಂದ ಒಂದು ರಾತ್ರಿ ಊಟದ ಹೊತ್ತಿಗೆ, ಪರೀಕ್ಷೆಯ ಭಾಷೆಯಲ್ಲೇ, "ಮನೆ ಎಷ್ಟು ಶಾಂತವಾಗಿದೆ. ಇದನ್ನ ಮೊದಲೇ ಮಾಡಬೇಕಿತ್ತು."

ಅತ್ತೆ ಸೊಸೆಯ ಮುಖ ನೋಡಿದರು. "ಏನಂದ?"

"ಮನೆ ಶಾಂತವಾಗಿದೆಯಂತೆ," ಎಂದಳು ಅವಳು ಮನೆಮಾತಿನಲ್ಲಿ. ಆ ಒಂದು ಮಾತಿಗೆ ಆ ರಾತ್ರಿಯ ಪಾತ್ರೆ ಅವಳ ಪಾಲಿಗೆ ಬಂತು. ಹೇಗೂ ಬರುತ್ತಿತ್ತು.

ಅವಳ ವರ್ಕ್‌ಶಾಪು ಆಸ್ಪತ್ರೆಯೊಂದರ ಹಿಂಬದಿಯ ಉದ್ದನೆಯ ಕೊಠಡಿ. ಒಂದು ಗೋಡೆಯುದ್ದಕ್ಕೂ ಹಲಗೆ ಹೊಡೆದು, ಮೇಲೆ ಪ್ಲಾಸ್ಟರಿನ ಮೋಟುಗಾಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕಾಲು ಹೋದವರ ಉಳಿದ ತುಂಡಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಗಟ್ಟಿಯಾದ ಮೇಲೆ ಮೆಲ್ಲನೆ ಜಾರಿಸಿ ತೆಗೆದು, ಆ ಅಚ್ಚಿನೊಳಗೆ ಪ್ಲಾಸ್ಟರ್ ಹೊಯ್ದರೆ ಅದೇ ಕಾಲಿನ ತದ್ರೂಪ ಸಿಗುತ್ತದೆ. ಆಮೇಲೆ ಅರ ಹಿಡಿದು ತಿದ್ದಬೇಕು. ಮೂಳೆ ಚರ್ಮಕ್ಕೆ ತೀರ ಹತ್ತಿರವಿರುವಲ್ಲಿ ಪ್ಲಾಸ್ಟರ್ ಮೆತ್ತಬೇಕು, ಭಾರ ತಾಳಬಲ್ಲ ಮಾಂಸವಿರುವಲ್ಲಿ ಕೆರೆಯಬೇಕು. ಅದರ ಮೇಲೆ ಒಲೆಯಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆ ಎಳೆದರೆ ಮೋಟುಗಾಲು ಕೂರುವ ಸಾಕೆಟ್ ತಯಾರು. ಅದರ ಕೆಳಗೆ ಕೊಳವೆ, ಕೊಳವೆಯ ಕೆಳಗೆ ಪಾದ.

ಕಷ್ಟ ಇರುವುದು ಆಮೇಲೆ. ಹೊಸ ಕಾಲು ಹಾಕಿಕೊಂಡು ಎರಡು ಕಂಬಿಗಳ ನಡುವೆ ನಾಲ್ಕು ಹೆಜ್ಜೆ ನಡೆದವರೆಲ್ಲ ಮೊದಲು ಸುಳ್ಳು ಹೇಳುತ್ತಾರೆ. ಹಳೆಯ ಬಸ್ ಡ್ರೈವರ್ ಒಬ್ಬರು ಬರುತ್ತಿದ್ದರು. ಅಪಘಾತದಲ್ಲಿ ಎಡಗಾಲು ಮೊಣಕಾಲ ಕೆಳಗೆ ಹೋಗಿತ್ತು. ಪ್ರತಿ ಸಲವೂ ಅವರ ಸುಳ್ಳು ಒಂದೇ.

"ಚೆನ್ನಾಗಿದೆ ಅಕ್ಕ. ಬಂಗಾರದಂಥ ಕಾಲು."

ಅವಳು ಮರುಪ್ರಶ್ನೆ ಕೇಳುತ್ತಿರಲಿಲ್ಲ. ಕೈಕಟ್ಟಿ ನಿಲ್ಲುತ್ತಿದ್ದಳು, ಅಷ್ಟೆ. ಡ್ರೈವರ್ ಇನ್ನೊಂದು ಸುತ್ತು ನಡೆಯುವರು, ಕಂಬಿ ಹಿಡಿದು ತಿರುಗುವರು, ಸೀಲಿಂಗ್ ನೋಡುವರು.

"ಸ್ವಲ್ಪ... ಹೊರಗಡೆ. ಮೂಳೆ ಹತ್ರ."

ಅವಳು ಬಗ್ಗಿ ಸಾಕೆಟ್ಟಿನ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುವಳು.

"ನೀವು ಹಾಗೆ ಸುಮ್ನೆ ನಿಂತ್ರೆ ಪೊಲೀಸ್ ಎದುರಿಗೆ ನಿಂತ ಹಾಗಾಗುತ್ತೆ ಅಕ್ಕ," ಎನ್ನುವರು ಡ್ರೈವರ್. "ಮಾಡದೇ ಇರೋ ತಪ್ಪನ್ನೂ ಒಪ್ಪಿಕೊಳ್ಳೋಣ ಅನ್ಸುತ್ತೆ."

"ನೋವು ತಪ್ಪಲ್ಲ. ಮುಚ್ಚಿಟ್ರೆ ಹುಣ್ಣಾಗುತ್ತೆ, ಆಮೇಲೆ ಈ ಕಾಲು ಮೂಲೇಲಿ, ನೀವು ಹಾಸಿಗೇಲಿ."

ಹಾಗೆ ಹೇಳಿದ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ತನ್ನ ಮಾತೇ ತಿರುಗಿ ಬಂದು ಹೊಡೆಯಿತು.

ಆ ಕೊಠಡಿಯಲ್ಲಿ ಅವಳು ಒಂದೇ ಒಂದು ಸಲ ದನಿ ಏರಿಸಿದ್ದಳು. ಒಂದು ಕಾಲಿಲ್ಲದ, ಉಳ್ಳವರ ಮನೆಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿತ್ತು. ಮನೆಯವರು ಬಂದು, ನಡೆಯುವುದೇನೂ ಬೇಡ, ಫೋಟೋ ತೆಗೆಯುವಾಗ ಕುರ್ಚಿ ಹಿಡಿದು ನಿಂತಿದ್ದರೆ ಬಟ್ಟೆಯ ಕೆಳಗೆ ಎರಡು ಪಾದ ಕಾಣಬೇಕು, ಹಗುರಾಗಿ ಒಂದು ತೋರಿಕೆಯ ಕಾಲು ಮಾಡಿಕೊಡಿ ಎಂದರು. ಹುಡುಗಿ ಹಲಗೆಯ ಮೇಲಿನ ಮೋಟುಗಾಲುಗಳನ್ನು ನೋಡುತ್ತ ಕೂತಿದ್ದಳು. ವರ್ಕ್‌ಶಾಪಿನ ಯಜಮಾನರು ಆಗಲಿ ಎಂದುಬಿಟ್ಟರು. ಅವಳು ಆಗಲ್ಲ ಎಂದಳು. ಭಾರ ಹಾಕಿದರೆ ಮುರಿಯುವ ಕಾಲನ್ನು ಮನುಷ್ಯರಾದವರಿಗೆ ಕಟ್ಟಿ ಕಳಿಸುವುದಿಲ್ಲ, ಬೇಕಾದರೆ ನೀವೇ ಮಾಡಿ ಎಂದಳು. ಕೊನೆಗೆ ಅದೇ ಗಡುವಿನೊಳಗೆ ನಡೆಯುವ ಕಾಲನ್ನೇ ಮಾಡಿಕೊಟ್ಟಳು. ಫೋಟೋ ಮುಗಿದ ಮೇಲೆ ಹುಡುಗಿ ಕುರ್ಚಿ ಬಿಟ್ಟು ಎಲ್ಲರೆದುರಿಗೆ ನಡೆದುಕೊಂಡೇ ಹೋದಳಂತೆ. ಮನೆಯವರಿಗೆ ಅದರಿಂದ ಬೇಸರವೇ ಆಯಿತೆಂದು ಆಮೇಲೆ ತಿಳಿಯಿತು.

ಕಾಯಿದೆ ಬಂದ ಮೇಲೆ ಅವಳು ಆ ಕೊಠಡಿಯಲ್ಲಿ ಇನ್ನೊಂದು ಅಭ್ಯಾಸ ಹಚ್ಚಿಕೊಂಡಳು. ಎಲ್ಲರೂ ಊಟಕ್ಕೆ ಹೋದಾಗ, ಅರದಿಂದ ಪ್ಲಾಸ್ಟರ್ ಉಜ್ಜುತ್ತ, ಹಲಗೆಯ ಮೇಲಿನ ಮೋಟುಗಾಲುಗಳ ಜೊತೆ ಪರೀಕ್ಷೆಯ ಭಾಷೆಯಲ್ಲಿ ಜಗಳವಾಡುವುದು. ಹಿಂದಿನ ರಾತ್ರಿ ಬಾಯಿಗೆ ಬರದೇ ಹೋದದ್ದನ್ನು ಮರುದಿನ ಪದಕೋಶ ನೋಡಿ ಜೋಡಿಸುವಳು. ಮೊದಮೊದಲು ಒಂದು ವಾಕ್ಯ. ಆಮೇಲೆ ಅದಕ್ಕೆ ಉತ್ತರ, ಉತ್ತರಕ್ಕೆ ಮರು ಉತ್ತರ. ಮೋಟುಗಾಲುಗಳು ಉಚ್ಚಾರ ತಿದ್ದಲಿಲ್ಲ. ಬಿಳಿಯ ಮೊಂಡು ತಲೆಗಳನ್ನು ಎತ್ತಿಕೊಂಡು ಪೂರ್ತಿ ಕೇಳಿದವು.

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ದೇಶದ ಒಂದು ವರ್ಕ್‌ಶಾಪಿನ ವಿಡಿಯೋ ನೋಡಿದ್ದಳು. ಸುಮಾರು ಅವಳದೇ ವಯಸ್ಸಿನ ಹೆಂಗಸು ಪ್ಲಾಸ್ಟರ್ ಕೆರೆಯುತ್ತಿದ್ದಳು. ತಲೆ, ಹುಬ್ಬು ಎಲ್ಲ ಪುಡಿ. ಗಂಟೆ ಬಾರಿಸಿದಾಗ ಹಾಗೇ ಪುಡಿ ಮೆತ್ತಿಕೊಂಡೇ ಮೇಜಿನ ಬಳಿ ಕೂತು ಬ್ರೆಡ್ ತಿಂದಳು. ಯಾರೂ ಅವಳನ್ನು ಸ್ನಾನಕ್ಕೆ ಕಳಿಸಲಿಲ್ಲ. ಅಷ್ಟೇ ವಿಡಿಯೋ. ಅದನ್ನು ಅವಳು ಮತ್ತೆ ಮತ್ತೆ ನೋಡಿದಳು. ಗಂಡನ ಹಠಕ್ಕೆ ತಲೆಯಾಡಿಸುತ್ತಿದ್ದವಳಿಗೆ ಈಗ ಹೋಗಬೇಕು ಅನ್ನಿಸತೊಡಗಿತ್ತು. ಅವನಿಗಾಗಿ ಅಲ್ಲ. ಮುಂದಿನ ಹುಟ್ಟುಹಬ್ಬ ದಾಟಿದರೆ ವಯಸ್ಸಿನ ಅಂಕ ಇಳಿದು ದಾರಿ ಮುಚ್ಚುತ್ತಿತ್ತು. ಹಾಗಾಗಿ ಆ ಆಸೆಗೆ ಅವಸರವೂ ಇತ್ತು.

ಪರೀಕ್ಷೆಯ ದಿನ ಮಾತಿನ ಕೋಣೆಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಚೀಟಿ ನೋಡಿ ಪ್ರಶ್ನೆ ಓದಿದರು: ನಿಮಗೆ ಒಪ್ಪಿಗೆಯಿಲ್ಲದ ಒಂದು ನಿಯಮದ ಬಗ್ಗೆ ಹೇಳಿ. ಅವಳು ತನ್ನ ಮನೆಯ ಕಾಯಿದೆಯ ಬಗ್ಗೆ ಹೇಳಿದಳು. ಎಲ್ಲೂ ತಡವರಿಸಲಿಲ್ಲ, ತಿಂಗಳುಗಟ್ಟಲೆ ಹಲಗೆಯ ಮುಂದೆ ಆಡಿ ನುಣ್ಣಗಾಗಿದ್ದ ಮಾತು. ಸಮಯ ಮುಗಿದಿತ್ತು, ಕನ್ನಡಕದವರು ಕೈ ಎತ್ತಿ ನಿಲ್ಲಿಸಬೇಕಿತ್ತು. ಅವರು ಕೈಯನ್ನು ಎತ್ತಿ, ಅಲ್ಲೇ ಮರೆತು, "ಆಮೇಲೆ?" ಎಂದರು.

ಫಲಿತಾಂಶ ಬಂದಾಗ ಮಾತಿನಲ್ಲಿ ಅವಳಿಗೆ ಎಲ್ಲಕ್ಕಿಂತ ಮೇಲಿನ ಅಂಕ. ಜೊತೆಗೆ ಬರುವವರಿಗೂ ಭಾಷೆಯ ಅಂಕವಿದ್ದದ್ದರಿಂದ ಗಂಡನೂ ಅದೇ ದಿನ ಬರೆದಿದ್ದ. ಓದುವುದು ಸರಿ, ಬರೆಯುವುದು ಸರಿ, ಮಾತೂ ಪರವಾಗಿಲ್ಲ. ಕೇಳಿಸಿಕೊಂಡು ಉತ್ತರಿಸುವ ಭಾಗದಲ್ಲಿ ಬಿದ್ದಿದ್ದ. ಅದು ಮೂರನೆಯ ಸಲ.

"ಇಯರ್‌ಫೋನೇ ಸರಿ ಇರ್ಲಿಲ್ಲ," ಎಂದ, ಪರೀಕ್ಷೆಯ ಭಾಷೆಯಲ್ಲಿ.

"ಏನಂತೆ?" ಅತ್ತೆ ಕೇಳಿದರು. ಅವಳು ತಿಳಿಸಿದಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಮೂರು ಸಲಾನೂ ಕಿವಿಗಿಟ್ಟಿದ್ದೇ ಕೆಟ್ಟಿತ್ತೇನಪ್ಪ?"

"ಅಮ್ಮಾ, ಈ ಮನೇಲಿ ನಿಯಮ ಇದೆ."

"ನಾನು ಲೆಕ್ಕಕ್ಕೆ ಬರಲ್ಲವಲ್ಲ, ಆಡ್ಕೋತೀನಿ."

ಅವನು ಮತ್ತೆ ಪರೀಕ್ಷೆಯ ಭಾಷೆಗೆ ಬಂದು ಹೆಂಡತಿಯ ಕಡೆ ತಿರುಗಿದ. ಸೋತದ್ದಕ್ಕಿಂತ ಬೇರೆ ಏನೋ ಅವನನ್ನು ಚುಚ್ಚುತ್ತಿತ್ತು. "ಮಾತಲ್ಲಿ ನಿನಗೆ ಇಷ್ಟು ಹೇಗೆ ಬಂತು? ಮನೇಲಿ ಬಾಯೇ ಬಿಡಲ್ಲ."

"ಪ್ರಶ್ನೆ ಸುಲಭ ಇತ್ತು," ಎಂದಳು.

ಅರ್ಜಿ ತುಂಬಿಸುವ ಏಜೆಂಟಿನ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಏಸಿ ಜೋರಾಗಿ, ಕುರ್ಚಿಗಳು ತಣ್ಣಗೆ. ಗೋಡೆಯ ಮೇಲೆ ಹಿಮದಲ್ಲಿ ನಗುತ್ತಿರುವ ಒಂದು ಕುಟುಂಬದ ಚಿತ್ರ. ಅದರಲ್ಲಿ ಅಜ್ಜಿ ಇರಲಿಲ್ಲ. ಏಜೆಂಟು ಟೈ ಕಟ್ಟಿದ, ಚುರುಕು ನಾಲಿಗೆಯ ಮನುಷ್ಯ. ಕೂಡಿಸಿದ, ಇನ್ನೊಮ್ಮೆ ಕೂಡಿಸಿದ, ಪೆನ್ನು ಬಾಯಿಗಿಟ್ಟುಕೊಂಡ.

"ಐದು ಕಮ್ಮಿ ಸರ್. ಸರ್‌ದು ಭಾಷೆ ಪಾಸಾಗಿದ್ರೆ ಆ ಐದು ಬಂದುಬಿಡ್ತಿತ್ತು. ಗೆರೆ ದಾಟಿಬಿಡ್ತಿದ್ರಿ. ಇನ್ನೊಂದು ಸಲ ಕೂತ್ಕೊಳ್ಳಿ ಸರ್, ಮೇಡಂ ಹುಟ್ಟುಹಬ್ಬಕ್ಕೆ ಇನ್ನೂ ಟೈಮ್ ಇದೆ."

ಗಂಡ ಗೋಡೆಯ ಹಿಮದ ಚಿತ್ರ ನೋಡತೊಡಗಿದ. ಏಜೆಂಟಿಗೆ ಮೌನ ಆಗಿಬರುವುದಿಲ್ಲ. ಅದನ್ನು ತುಂಬಲೆಂದು ನಕ್ಕ.

"ಒಂದು ತಮಾಷೆ ಹೇಳ್ಲಾ ಸರ್? ಗಂಡನಿಗೆ ಭಾಷೆ ಪಾಸಾಗದಿದ್ರೆ ಸೊನ್ನೆ. ಆದ್ರೆ ಗಂಡನೇ ಇಲ್ಲದಿದ್ರೆ ಹತ್ತು. ಅಂದ್ರೆ ಮೇಡಂ ಒಬ್ಬರೇ ಆಗಿದ್ರೆ ಇಷ್ಟೊತ್ತಿಗೆ ಪೆಟ್ಟಿಗೆ ಕಟ್ತಿದ್ರು." ಆಮೇಲೆ ದನಿ ತಗ್ಗಿಸಿ, "ಕೆಲವರು ಕಾಗದದ ಮೇಲೆ... ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ. ತಪ್ಪು ಅದು. ಸಿಕ್ಕಿಬಿದ್ರೆ ಜೀವಮಾನ ಪೂರ್ತಿ ಆ ಕಡೆ ತಲೆ ಹಾಕೋ ಹಾಗಿಲ್ಲ."

ಗಂಡನೂ ನಕ್ಕ. ಅವಳು ನಗಲಿಲ್ಲ. ಒಂಟಿಯಾಗಿದ್ದರೆ ಎಂಬ ಮಾತನ್ನು ಅವಳು ಇಷ್ಟು ವರ್ಷ ತನ್ನೊಳಗೂ ಆಡಿರಲಿಲ್ಲ. ಅದನ್ನು ಯಾರೋ ಟೈ ಕಟ್ಟಿದವನು ಹೊರಗೆಳೆದು, ಬೆಲೆ ಚೀಟಿ ಅಂಟಿಸಿ ಮೇಜಿನ ಮೇಲಿಟ್ಟಿದ್ದ.

ಇಬ್ಬರೂ ಬಸ್ಸು ಹತ್ತಿದರು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎದೆಯಲ್ಲಿ ಏನೋ ಹಗುರಾದ ಹಾಗಿತ್ತು. ಹಗುರಾದದ್ದಕ್ಕೆ ನಾಚಿಕೆ, ನಾಚಿಕೆಯಾದದ್ದಕ್ಕೆ ಸಿಟ್ಟು. ಪಕ್ಕದಲ್ಲಿ ಗಂಡನ ತುಟಿಗಳು ಅಲುಗುತ್ತಿದ್ದವು, ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವಾಗ ಅಲುಗುವಂತೆ. ತನ್ನಂತೆ ಅವನಿಗೂ ನೋವಾಗಿದೆಯೇನೋ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಆಮೇಲೆ ತನ್ನನ್ನು ತಾನೇ ಬೈದುಕೊಂಡಳು.

ಸಂಜೆ ಅಡುಗೆಮನೆಯಲ್ಲಿ ಅವನೇ ಚಹಾ ಮಾಡಿದ. ಅದು ನಡೆಯದ ಕೆಲಸವಾದ್ದರಿಂದ ಅತ್ತೆ ಕುರ್ಚಿಯನ್ನು ಕಿಟಕಿಯಿಂದ ಬಾಗಿಲಿಗೆ ಎಳೆದುಕೊಂಡು ಕೂತರು. ಅವನು ಲೋಟವನ್ನು ಹೆಂಡತಿಯ ಮುಂದಿಟ್ಟು, ತಿಂಗಳುಗಳ ನಂತರ ಮೊದಲ ಸಲ ಅವಳೊಡನೆ ಮನೆಮಾತಿನಲ್ಲಿ ಮಾತಾಡಿದ.

"ಕೂತ್ಕೋ. ಸಮಾಧಾನವಾಗಿ ಕೇಳು. ನಾನು ಎಲ್ಲಾ ಯೋಚನೆ ಮಾಡಿದ್ದೀನಿ."

ಮನೆಮಾತು ಎಷ್ಟೋ ದಿನಗಳ ಮೇಲೆ ಬಾಗಿಲಿಗೆ ಬಂದ ಹತ್ತಿರದ ನೆಂಟನಂತೆ ಕಂಡಿತು. ಅವಳು ಕೂತಳು.

"ಬರೀ ಕಾಗದದ ಮೇಲೆ ಬಿಡೋಣ. ಇಬ್ಬರೂ ಒಪ್ಪಿದ್ರೆ ಕೋರ್ಟು ಬೇಗ ಮುಗಿಸುತ್ತೆ. ನಿನಗೆ ಹತ್ತು ಬರುತ್ತೆ, ಐದು ಹೆಚ್ಚೇ ಆಯ್ತು. ನೀನು ಹೋಗು, ನೆಲೆ ಮಾಡ್ಕೋ. ಆಮೇಲೆ ಬಂದು ಮತ್ತೆ ಮದುವೆ ಆಗಿ ನನ್ನ ಕರೆಸ್ಕೋ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ಯಾರಿಗೂ ಹೇಳೋದು ಬೇಡ."

"ಸಿಕ್ಕಿಬಿದ್ರೆ?"

"ಸಹಿ ನಿಂದಿರುತ್ತೆ. ನೀನು ಗಟ್ಟಿಯಾಗಿ ಇದ್ದರಾಯ್ತು."

ಅವಳು ಲೋಟದ ಅಂಚನ್ನು ಬೆರಳಿನಿಂದ ಸವರಿದಳು. "ಪರೀಕ್ಷೆ ಇನ್ನೊಂದು ಸಲ ಬರೀಬಹುದಲ್ಲ ನೀವು? ಐದೇ ಸಾಕು ಅಂದ್ರು."

"ನನ್ನ ಕೈಲಾಗಲ್ಲ."

"ನಾನು ಜೊತೆಗೆ ಕೂತ್ಕೋತೀನಿ. ದಿನಾ ನಾನು ಮಾತಾಡ್ತೀನಿ, ನೀವು ಕೇಳಿ. ಕಿವಿ ಪಳಗುತ್ತೆ."

"ಬೇಡ ಮಾರಾಯ್ತಿ." ಅವನು ಕೈಯನ್ನು ನೊಣ ಓಡಿಸುವಂತೆ ಬೀಸಿದ. "ಯಾರೋ ಮಾತಾಡ್ತಾ ಹೋಗೋದು, ನಾವು ಬಾಯಿ ಮುಚ್ಕೊಂಡು ಕೇಳ್ತಾ ಕೂರೋದು. ತಲೆ ಕೆಟ್ಟುಹೋಗುತ್ತೆ ನನಗೆ. ಇದು ಸುಲಭ, ಇದಕ್ಕೆ ಗ್ಯಾರಂಟಿ ಇದೆ."

ಅಲ್ಲಿಗೆ ಅವಳೊಳಗೆ ಇಷ್ಟು ದಿನ ಹೊಯ್ದಿದ್ದೆಲ್ಲ ಒಮ್ಮೆಲೇ ಗಟ್ಟಿಯಾಯಿತು. ಎರಡು ದಾರಿಗಳಿದ್ದವು. ಒಂದರಲ್ಲಿ ಅವನು ಸ್ವಲ್ಪ ಕಾಲ ಅವಳ ಮಾತು ಕೇಳಬೇಕಿತ್ತು. ಇನ್ನೊಂದರಲ್ಲಿ ಅವಳನ್ನು ಬಿಡಬೇಕಿತ್ತು. ಬಿಡುವುದು ಅವನಿಗೆ ಸುಲಭವಾಗಿ ಕಂಡಿತ್ತು. ಅದನ್ನು ಮುಚ್ಚಿಟ್ಟೂ ಹೇಳಿರಲಿಲ್ಲ. ಚಹಾ ಮಾಡಿಕೊಟ್ಟು ಹೇಳಿದ್ದ.

ಅವಳು ಬಾಯಿ ತೆರೆದಳು. ಬಂದದ್ದು ಪರೀಕ್ಷೆಯ ಭಾಷೆ. ಅವಳಿಗೇ ಆಶ್ಚರ್ಯವಾಯಿತು, ಸಿಟ್ಟು ಈಗ ಆ ಭಾಷೆಯಲ್ಲೇ ಮನೆ ಮಾಡಿತ್ತು. ನನ್ನ ಕೂದಲಿನ ಪುಡಿ ನಿನಗೆ ಹೊಲಸಾಗಿತ್ತು, ಪಟ್ಟಿಯಲ್ಲಿ ಕಂಡ ದಿನ ಅದು ಬಂಗಾರವಾಯಿತು ಎಂದಳು. ನನ್ನ ಕಸುಬಿನ ಹೆಸರು ನಿನ್ನ ಬಾಯಲ್ಲಿ ಬರಲು ಬೇರೆ ದೇಶದ ಅಪ್ಪಣೆ ಬೇಕಾಯಿತು ಎಂದಳು. ಈ ಮನೆಯಲ್ಲಿ ನೀನು ಶಾಂತಿ ಅಂದದ್ದು ನನ್ನ ಬಾಯಿಗೆ ಹಾಕಿದ ಬೀಗ. ನಾನು ಆಡದೆ ಬಿಟ್ಟದ್ದನ್ನೆಲ್ಲ ಪ್ಲಾಸ್ಟರಿನ ಕಾಲುಗಳು ಕೇಳಿವೆ, ಮುಖ ಪರಿಚಯವಿಲ್ಲದ ಒಬ್ಬ ಹೆಂಗಸು ಕೇಳಿದ್ದಾ‌ಳೆ, ಕೇಳಿ 'ಆಮೇಲೆ?' ಅಂದಿದ್ದಾಳೆ. ನೀನು ಒಂದು ದಿನ ಆಮೇಲೆ ಅಂದಿದ್ದೀಯಾ?

"ಏನು?" ಎಂದ ಗಂಡ. "ನಿಧಾನ. ನಿಧಾನವಾಗಿ ಹೇಳು."

ಅವಳು ನಿಧಾನಿಸಲಿಲ್ಲ. ಹೆತ್ತ ತಾಯಿಗೆ ಲೆಕ್ಕಕ್ಕಿಲ್ಲ ಅಂದವನು ನೀನು. ನನ್ನನ್ನು ಲೆಕ್ಕಕ್ಕೆ ತಗೊಂಡದ್ದು ನನ್ನ ಮೇಲಿನ ಅಕ್ಕರೆಗಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು ಎಂದಳು. ಗಂಡನ ಹುಬ್ಬು ಗಂಟಿಕ್ಕಿತು. ಪರೀಕ್ಷೆಯ ಕೋಣೆಯಲ್ಲೂ ಹೀಗೇ ಕೂತಿದ್ದನೇನೋ, ಮಾತು ಹರಿದು ಹೋಗುತ್ತಿರುವಾಗ ಹಿಂದಿನ ಪದವನ್ನೇ ಹಿಡಿದುಕೊಂಡು.

"ಮನೆಮಾತಲ್ಲಿ ಹೇಳೇ. ಅರ್ಥ ಆಗ್ತಿಲ್ಲ."

ಅವಳು ನಿಲ್ಲಿಸಿದಳು. ಚಹಾ ಮುಟ್ಟದೆ ಲೋಟವನ್ನು ಅವನ ಕಡೆಗೆ ಸರಿಸಿದಳು.

"ತೋರಿಕೆಯ ಕಾಲು ನಾನು ಯಾರಿಗೂ ಮಾಡಿಕೊಟ್ಟಿಲ್ಲ," ಎಂದಳು ಮನೆಮಾತಿನಲ್ಲಿ. "ನಿಮಗೂ ಮಾಡಿಕೊಡಲ್ಲ. ಕಾಗದದ ಮೇಲೆ ಮಾತ್ರ ಬಿಡೋಕೆ ನನಗೆ ಬರಲ್ಲ. ಬಿಟ್ರೆ ನಿಜವಾಗಿ ಬಿಡ್ತೀನಿ."

"ಹುಚ್ಚು ಹಿಡಿದಿದೆಯಾ?"

ಅವಳು ಫೋನ್ ತೆಗೆದು ಏಜೆಂಟಿಗೆ ಕರೆ ಮಾಡಿದಳು.

"ನಾನು, ಮಧ್ಯಾಹ್ನ ಬಂದಿದ್ದವಳು. ಅರ್ಜಿ ನನ್ನೊಬ್ಬಳ ಹೆಸರಲ್ಲಿ ಇರಲಿ. ಕೋರ್ಟಿಂದ ಬಿಡುಗಡೆ ಆದ ಮೇಲೆ ಬಂದು ಸಹಿ ಹಾಕ್ತೀನಿ. ಹುಟ್ಟುಹಬ್ಬದೊಳಗೆ ಆದ್ರೆ ಆಯ್ತು, ಆಗದಿದ್ರೆ ಅರ್ಜಿ ಬೇಡ. ಬಿಡುಗಡೆ ಮಾತ್ರ ಹೇಗೂ ಬೇಕು."

ಆ ಕಡೆಯ ದನಿ ಅಡುಗೆಮನೆಯಲ್ಲೆಲ್ಲ ಕೇಳಿಸುವಷ್ಟು ಚುರುಕಾಗಿತ್ತು. "ಕಾಗದಕ್ಕೆ ತಾನೆ ಮೇಡಂ? ಅಲ್ಲ, ನಾನು ಕೇಳ್ಬಾರ್ದು. ಆದ್ರೂ."

ಅವಳು ಏನೂ ಹೇಳದೆ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು, ಕಂಬಿಗಳ ಪಕ್ಕ ನಿಂತಂತೆ. ಏಜೆಂಟು ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.

"ಅರ್ಥ ಆಯ್ತು ಮೇಡಂ," ಎಂದ ಕೊನೆಗೆ. ದನಿಯ ಚುರುಕು ಹೋಗಿತ್ತು.

ಗಂಡ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು ಇವಳಿಗೆ. ಇಷ್ಟೊತ್ತು ಅದೇನು ಒದರಿದ್ಲು, ನಿನಗೇನಾದ್ರೂ ಗೊತ್ತಾಯ್ತಾ?"

"ಒಂದು ಮಾತೂ ಗೊತ್ತಾಗ್ಲಿಲ್ಲ," ಎಂದರು ಅತ್ತೆ. "ಎಲ್ಲಾ ಕೇಳಿಸ್ತು."

ಅವರ ಕಣ್ಣು ಸೊಸೆಯ ಮೇಲೆ ನಿಂತಿತ್ತು. ಹೋಗು ಅನ್ನುವುದೂ ಇರು ಅನ್ನುವುದೂ ಆ ಕಣ್ಣಿನಲ್ಲಿ ಇರಲಿಲ್ಲ; ಹೋದ ಮೇಲೆ ಈ ಕುರ್ಚಿಯಲ್ಲಿ ಉಳಿಯುವವರು ಯಾರೆಂಬುದು ಅವರಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳ ಸಿಟ್ಟಿನಲ್ಲಿ ಕರಗದೆ ಉಳಿದ ಕಲ್ಲು ಅದೊಂದೇ. ಅದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಅಭ್ಯಾಸಬಲದಿಂದ ಎದ್ದು ಸಿಂಕಿನಲ್ಲಿದ್ದ ಪಾತ್ರೆಗಳ ಕಡೆ ಹೋದಳು. ನಲ್ಲಿಗೆ ಕೈಹಾಕಿದಳು.

"ಬಿಡು ಅದನ್ನ," ಎಂದರು ಅತ್ತೆ. "ಇವತ್ತು ಅವನು ತೊಳೀಲಿ. ಮೊದಲು ಮನೆಮಾತು ಆಡಿದ್ದು ಅವನೇ."

ಅವಳು ಕೈ ಒರೆಸಿಕೊಂಡು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಗಂಡ ಇಬ್ಬರನ್ನೂ ನೋಡಿದ. ತಮಾಷೆಯಿರಬಹುದೆಂದು ಕಾದ. ಯಾರೂ ನಗಲಿಲ್ಲ. ಕೊನೆಗೆ ಸಿಂಕಿನ ಮುಂದೆ ಹೋಗಿ ನಿಂತು, ಅಲ್ಲಿ ಇಲ್ಲಿ ತಡಕಾಡಿದ.

"ಪಾತ್ರೆ ಉಜ್ಜೋ ಬ್ರಶ್ಶು ಎಲ್ಲಿಡ್ತೀರಿ?" ಎಂದು ಕೇಳಿದ.

ಅದು ಅವನ ಮೂಗಿನ ನೇರಕ್ಕೇ ಇತ್ತು.